ವಕ್ತೃವೋ, ಬಳಕೆದಾರನೋ? : ಮಾನವ–ಗಣಕ ಅಂತರ್‌ಕ್ರಿಯೆಯ ಸ್ನಾತಕೋತ್ತರ ಅಧ್ಯಯನ ಕುರಿತು ಒಂದು ಜಾನಪದೀಯ ವಿಮರ್ಶೆ

ಜಾನಪದ ಅಧ್ಯಯನವು ತನ್ನ ಸಿದ್ಧಾಂತಗಳನ್ನು ಮಾನವಶಾಸ್ತ್ರ, ಭಾಷಾಶಾಸ್ತ್ರ, ಮನೋವಿಜ್ಞಾನಗಳಿಂದ ಎರವಲು ಪಡೆದಿದೆ ಎಂಬ ಮಾತು ನಮ್ಮ ವಲಯದಲ್ಲಿ ಹಳೆಯದು. ನಮ್ಮಿಂದ ಹಾಗೂ ನಮ್ಮ ಸೋದರ ಶಿಸ್ತುಗಳಿಂದ ಬೇರೆಯವರು ಏನನ್ನು ಕೊಂಡೊಯ್ದರು, ಕೊಂಡೊಯ್ದುದನ್ನು ಏನು ಮಾಡಿದರು ಎಂಬ ಲೆಕ್ಕವನ್ನು ಮಾತ್ರ ನಾವು ಅಷ್ಟಾಗಿ ಇಟ್ಟವರಲ್ಲ. ಕ್ಷೇತ್ರಕಾರ್ಯವೆಂಬ ವಿಧಾನ ಕಳೆದ ನಾಲ್ಕು ದಶಕಗಳಲ್ಲಿ ಹೋಗಿ ನೆಲೆಸಿರುವ ಮನೆಗಳಲ್ಲಿ ಅತ್ಯಂತ ಅನಿರೀಕ್ಷಿತವಾದುದು ಗಣಕವಿಜ್ಞಾನದ ಮನೆ. ‘ಹ್ಯೂಮನ್–ಕಂಪ್ಯೂಟರ್ ಇಂಟರಾಕ್ಷನ್’ ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಹಂತದಲ್ಲಿ ಕಲಿಸುವ ಈ ವಿಷಯವನ್ನು ಕನ್ನಡದಲ್ಲಿ ಮಾನವ–ಗಣಕ ಅಂತರ್‌ಕ್ರಿಯೆ ಎನ್ನಬಹುದು. ಯಂತ್ರವನ್ನು ಮನುಷ್ಯರು ಹೇಗೆ ಅರ್ಥಮಾಡಿಕೊಳ್ಳುತ್ತಾರೆ, ಎಲ್ಲಿ ಎಡವುತ್ತಾರೆ, ಅವರಿಗೆ ಒಗ್ಗುವಂತೆ ಯಂತ್ರದ ಮುಖವನ್ನು ಹೇಗೆ ರೂಪಿಸಬೇಕು ಎಂಬುದು ಅದರ ವಸ್ತು. ಅಲ್ಲಿನ ವಿದ್ಯಾರ್ಥಿಗಳೂ ನಮ್ಮ ವಿದ್ಯಾರ್ಥಿಗಳಂತೆ ಟಿಪ್ಪಣಿ ಪುಸ್ತಕ, ಧ್ವನಿಮುದ್ರಕಗಳನ್ನು ಹಿಡಿದು ಜನರ ಬಳಿಗೆ ಹೋಗುತ್ತಾರೆ, ಕೂರುತ್ತಾರೆ, ಕೇಳುತ್ತಾರೆ.

ಹೀಗೆ ಕೇಳಿಸಿಕೊಂಡ ಮೇಲೆ ಆ ಮಾತಿಗೆ ಏನಾಗುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಪಠ್ಯಕ್ರಮವೂ ಒಂದು ಪಠ್ಯವೇ. ಯಾರ ಮಾತನ್ನು ಜ್ಞಾನವೆಂದು ಎಣಿಸಬೇಕು, ಯಾರ ಮಾತನ್ನು ಬರಿಯ ದೂರು ಎಂದು ಬದಿಗಿಡಬೇಕು ಎಂಬುದನ್ನು ಅದು ಸದ್ದಿಲ್ಲದೆ ನಿರ್ಧರಿಸುತ್ತದೆ. ಈ ನಿರ್ಧಾರದ ಫಲ ದೂರದೇಶದ ತರಗತಿಯಲ್ಲಿ ಉಳಿಯುವುದೂ ಇಲ್ಲ. ಕರ್ನಾಟಕದ ಎಂಜಿನಿಯರಿಂಗ್ ಪದವೀಧರರು ಇಂತಹ ವಿಭಾಗಗಳಿಗೆ ಹೋಗುವುದು ಹೊಸತಲ್ಲ. ಅಲ್ಲಿ ಕಲಿತ ಕಣ್ಣಿನಿಂದ ರೂಪುಗೊಂಡ ವಸ್ತುಗಳು ನಮ್ಮ ಹಳ್ಳಿಯ ಕೈಗಳಿಗೆ ಬಂದು ಸೇರಿಯೂ ಆಗಿದೆ.

ಚರ್ಚೆಗೆ ಒಂದು ನಿರ್ದಿಷ್ಟ ನೆಲೆ ಬೇಕು. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆಂದೇ 1994ರಲ್ಲಿ ಒಂದು ಪ್ರತ್ಯೇಕ ಸಂಸ್ಥೆ ಆರಂಭವಾಯಿತು. ಗಣಕವಿಜ್ಞಾನದ ಅಂಗವಾಗಿದ್ದರೂ ಮನೋವಿಜ್ಞಾನ, ವಿನ್ಯಾಸಗಳನ್ನು ಅದು ಜೊತೆಗಿರಿಸಿಕೊಂಡಿದೆ. ಅಲ್ಲಿನ ಸ್ನಾತಕೋತ್ತರ ಪದವಿ ಬಿಡುವಿಲ್ಲದ ಮೂರು ಸೆಮಿಸ್ಟರುಗಳದ್ದು, ಅಂದರೆ ಒಂದು ವರ್ಷದ್ದು. ಅದರ ತಿರುಳು ‘ಕ್ಯಾಪ್‌ಸ್ಟೋನ್’ ಎಂಬ ಯೋಜನೆ: ವಿದ್ಯಾರ್ಥಿಗಳ ತಂಡವೊಂದು ಹೊರಗಿನ ಕಂಪನಿಯ ಅಥವಾ ಸಂಸ್ಥೆಯ ನಿಜವಾದ ಸಮಸ್ಯೆಯನ್ನು ಹಿಡಿದು ಕ್ಷೇತ್ರದ ಅಧ್ಯಯನದಿಂದ ಮಾದರಿಯ ತಯಾರಿಕೆಯವರೆಗೆ ದುಡಿಯುತ್ತದೆ. ನಮ್ಮ ಎಂ.ಎ. ಕಿರುಪ್ರಬಂಧಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಅಲ್ಲಿ ಕೆಲಸ ವಹಿಸುವವರು ಒಬ್ಬರು, ಮಾತು ಹೇಳುವವರು ಇನ್ನೊಬ್ಬರು. ಮೊದಲನೆಯವರಿಗೆ ‘ಗ್ರಾಹಕ’ರೆಂದು ಹೆಸರು, ಎರಡನೆಯವರಿಗೆ ‘ಬಳಕೆದಾರ’ರೆಂದು. ವರದಿ ಸಲ್ಲುವುದು ಮೊದಲನೆಯವರಿಗೆ.

ಈ ಶಿಸ್ತು ಹುಟ್ಟಿದ್ದು ಕ್ಷೇತ್ರದಲ್ಲಲ್ಲ, ಪ್ರಯೋಗಾಲಯದಲ್ಲಿ. ಅದೇ ಕಾರ್ನೆಗಿ ಮೆಲನ್‌ನ ಅಲೆನ್ ನ್ಯೂವೆಲ್ ಅವರು ಸ್ಟೂವರ್ಟ್ ಕಾರ್ಡ್, ಥಾಮಸ್ ಮೊರಾನ್ ಅವರೊಡನೆ 1983ರಲ್ಲಿ ಪ್ರಕಟಿಸಿದ ಗ್ರಂಥ ಮನುಷ್ಯನನ್ನೇ ಒಂದು ಮಾಹಿತಿ ಸಂಸ್ಕಾರಕವಾಗಿ ಕಲ್ಪಿಸಿಕೊಂಡಿತು. ಕೀಲಿಯನ್ನು ಒತ್ತಲು ಇಷ್ಟು, ಕೈಯನ್ನು ಸರಿಸಲು ಇಷ್ಟು ಎಂದು ಪ್ರತಿಯೊಂದು ಕ್ರಿಯೆಗೂ ಕಾಲದ ಅಳತೆ ಗೊತ್ತಾಯಿತು. ಅವರ ಲೆಕ್ಕದಲ್ಲಿ ಮನಸ್ಸು ಒಮ್ಮೆ ಸಿದ್ಧಗೊಳ್ಳಲು ತಗಲುವ ಕಾಲ 1.35 ಸೆಕೆಂಡು. ಮಾದಪ್ಪನ ಕಥೆಯನ್ನು ಬೆಳಗಿನವರೆಗೆ ಹಾಡುವ ಕಂಸಾಳೆಯವರು ಸ್ತುತಿಯಿಂದ ಕಥೆಗೆ ಹೊರಳುವ ಮುನ್ನ ಮಾಡುವ ಮೌನವನ್ನು ಈ ಅಳತೆಗೋಲಿನಲ್ಲಿ ಹೇಗೆ ಅಳೆಯುವುದೋ ತಿಳಿಯದು. ಆದರೆ ಈ ಲೆಕ್ಕವನ್ನು ಹಗುರವಾಗಿ ಕಾಣಬೇಕಾಗಿಲ್ಲ. ದಿನವಿಡೀ ಒಂದೇ ಬಗೆಯ ಕೀಲಿಗಳನ್ನು ಒತ್ತುವ ಗುಮಾಸ್ತರ ಬೆರಳಿಗೆ ಅದು ನಿಜವಾದ ಉಪಕಾರ ಮಾಡಿದೆ. ಅದು ಕೈಚೆಲ್ಲಿದ್ದು ಒಬ್ಬರು ಇನ್ನೊಬ್ಬರ ಜೊತೆಗಿರುವ ಸನ್ನಿವೇಶದಲ್ಲಿ.

ಅಂತಹ ಸನ್ನಿವೇಶವನ್ನು ಎತ್ತಿ ತೋರಿದವರು ಮಾನವಶಾಸ್ತ್ರಜ್ಞೆ ಲೂಸಿ ಸುಕ್‌ಮನ್. ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಅವರು ಕೈಗೊಂಡ ಅಧ್ಯಯನ 1987ರಲ್ಲಿ ಪುಸ್ತಕವಾಗಿ ಬಂದಿತು. ನಕಲು ತೆಗೆಯುವ ಯಂತ್ರವೊಂದಕ್ಕೆ ಸಲಹೆ ನೀಡುವ ಗಣಕವನ್ನು ಜೋಡಿಸಲಾಗಿತ್ತು. ಅದರ ಮುಂದೆ ಸುಕ್‌ಮನ್ ಒಬ್ಬೊಬ್ಬರನ್ನು ಕೂರಿಸದೆ ಇಬ್ಬಿಬ್ಬರನ್ನು ನಿಲ್ಲಿಸಿದರು. ಅವರು ಪರಸ್ಪರ ಆಡಿಕೊಂಡ ಮಾತೇ ಆಕರವಾಯಿತು. ಯಂತ್ರದ ಒಳಗಿದ್ದುದು ಒಂದು ಪೂರ್ವಯೋಜನೆ. ಆ ಇಬ್ಬರು ಮಾಡುತ್ತಿದ್ದುದು ಆ ಗಳಿಗೆಯಲ್ಲಿ ಒದಗಿದ್ದನ್ನು ಹಿಡಿದು ಮುಂದೆ ಸಾಗುವ ಕೆಲಸ. ಈ ಎರಡರ ನಡುವಿನ ಬಿರುಕನ್ನು ಅವರು ವಿವರಿಸಿದ ಬಗೆ ಜಾನಪದ ವಿದ್ವಾಂಸರಿಗೆ ಅಪರಿಚಿತವೆನಿಸದು. ಅಲನ್ ಡಂಡೆಸ್ 1964ರಲ್ಲಿ ಪಠ್ಯದ ಜೊತೆಗೆ ಸಂದರ್ಭವನ್ನೂ ದಾಖಲಿಸಬೇಕೆಂದುದು, ರಿಚರ್ಡ್ ಬೌಮನ್ 1975ರಲ್ಲಿ ಮೌಖಿಕ ಕಲೆಯನ್ನು ಪ್ರದರ್ಶನವಾಗಿ ನೋಡಬೇಕೆಂದುದು ಇದೇ ದಿಕ್ಕಿನ ಮಾತುಗಳು.

ಅದೇ ಕೇಂದ್ರದ ಜೂಲಿಯನ್ ಆರ್ ಅವರ ಕೆಲಸ ನಮಗೆ ಇನ್ನೂ ಹತ್ತಿರದ್ದು. 1996ರಲ್ಲಿ ಪ್ರಕಟವಾದ ಅವರ ಪುಸ್ತಕದ ವಸ್ತು, ನಕಲು ಯಂತ್ರಗಳನ್ನು ರಿಪೇರಿ ಮಾಡುವ ತಂತ್ರಜ್ಞರು. ಕಂಪನಿ ಅವರಿಗೆ ದಪ್ಪನೆಯ ಕೈಪಿಡಿಗಳನ್ನು ಕೊಟ್ಟಿತ್ತು. ಆದರೆ ಕೈಪಿಡಿಗೆ ಸಿಕ್ಕದ ರೋಗಗಳನ್ನು ಅವರು ಪತ್ತೆ ಹಚ್ಚುತ್ತಿದ್ದುದು ಕಥೆಗಳಿಂದ. ಊಟದ ಹೊತ್ತಿನಲ್ಲಿ ಕೂಡಿದಾಗ ಒಬ್ಬ ಹಿಂದೆ ತಾನು ಕಂಡ ಒಂದು ಹಟಮಾರಿ ಯಂತ್ರದ ಕಥೆ ಹೇಳುತ್ತಾನೆ, ಇನ್ನೊಬ್ಬ ಅದಕ್ಕೆ ತನ್ನದನ್ನು ಸೇರಿಸುತ್ತಾನೆ, ಕಥೆ ಬೆಳೆದಂತೆ ಮುಂದಿನ ಮಧ್ಯಾಹ್ನ ಎದುರಾಗಲಿರುವ ಯಂತ್ರಕ್ಕೆ ಮದ್ದು ಸಿದ್ಧವಾಗುತ್ತದೆ. ಇದು ವೃತ್ತಿ ಜಾನಪದ ಎಂಬುದರಲ್ಲಿ ಸಂದೇಹವಿಲ್ಲ. ಡಾನ್ ಬೆನ್–ಅಮೋಸ್ 1971ರಲ್ಲಿ ಜಾನಪದವನ್ನು ಸಣ್ಣ ಗುಂಪುಗಳಲ್ಲಿ ನಡೆಯುವ ಕಲಾತ್ಮಕ ಸಂವಹನವೆಂದು ನಿರೂಪಿಸಿದಾಗ, ಅದಕ್ಕೆ ಉದಾಹರಣೆಯಾಗಿ ಜೆರಾಕ್ಸ್ ಕಂಪನಿಯ ರಿಪೇರಿಯವರು ಒದಗಿಬರುವರೆಂದು ಯಾರೂ ಊಹಿಸಿರಲಾರರು. ಮುಂದೆ ಕಂಪನಿ ಈ ತಂತ್ರಜ್ಞರ ತಿಳಿವಳಿಕೆಯನ್ನು ಹಂಚಿಕೊಳ್ಳಲು ‘ಯುರೇಕಾ’ ಎಂಬ ಗಣಕ ವ್ಯವಸ್ಥೆಯನ್ನು ರೂಪಿಸಿದಾಗ ಪ್ರತಿ ಸಲಹೆಯ ಜೊತೆಗೂ ಅದನ್ನು ಕೊಟ್ಟ ತಂತ್ರಜ್ಞನ ಹೆಸರು ಉಳಿಯಿತು. ಹೆಸರಿನ ಈ ಸಂಗತಿಗೆ ಮತ್ತೆ ಬರಬೇಕಾಗುತ್ತದೆ.

ಸುಕ್‌ಮನ್, ಆರ್ ಅವರ ಕೃತಿಗಳು ವರ್ಷಗಟ್ಟಲೆಯ ಒಡನಾಟದ ಫಲ. ತರಗತಿಗೆ ಇಳಿಯುವಾಗ ಇಂತಹ ಒಡನಾಟಕ್ಕೆ ಒಂದು ಕಿರುದಾರಿ ಬೇಕಾಯಿತು. ಹ್ಯೂ ಬೇಯರ್, ಕ್ಯಾರೆನ್ ಹೋಲ್ಟ್ಸ್‌ಬ್ಲಾಟ್ ಅವರು 1998ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿದ ‘ಸಂದರ್ಭ ಶೋಧ’ ಆ ಕಿರುದಾರಿ. ಇದರ ತಾತ್ವಿಕತೆ ಕೇಳಲು ಹಿತವಾದುದು: ಕೆಲಸ ಬಲ್ಲ ವ್ಯಕ್ತಿ ಗುರು, ಸಂಶೋಧಕ ಶಿಷ್ಯ. ಶಿಷ್ಯನು ಗುರುವಿನ ಬದಿಯಲ್ಲಿ ಕುಳಿತು ಕೆಲಸ ನಡೆಯುತ್ತಿರುವಾಗಲೇ ನೋಡಬೇಕು, ಕೇಳಬೇಕು, ತನಗೆ ಅರ್ಥವಾದುದನ್ನು ಒಪ್ಪಿಸಿ ತಿದ್ದಿಸಿಕೊಳ್ಳಬೇಕು. ಪ್ರಶ್ನಾವಳಿ ಹಿಡಿದು ಹೋಗುವ ನಮ್ಮ ಕೆಲವು ಕ್ಷೇತ್ರಕಾರ್ಯಗಳಿಗಿಂತ ಇದು ಎಷ್ಟೋ ಮೇಲು. ಆದರೆ ಈ ಶಿಷ್ಯತ್ವದ ಅವಧಿ ಸಾಮಾನ್ಯವಾಗಿ ಎರಡು ಮೂರು ಗಂಟೆ. ದೀಕ್ಷೆ ಪಡೆದು, ಹಿರಿಯರ ಹಿಂದೆ ಹಿಮ್ಮೇಳದಲ್ಲಿ ದನಿಗೂಡಿಸುತ್ತ ವರ್ಷಗಳನ್ನು ಕಳೆದು, ಕೊನೆಗೊಂದು ದಿನ ಮುಂದೆ ನಿಂತು ಹಾಡುವ ನೀಲಗಾರರ ಶಿಷ್ಯತ್ವಕ್ಕೂ ಇದಕ್ಕೂ ಹೆಸರಿನ ಸಾಮ್ಯ ಮಾತ್ರ. ನೀಲಗಾರರ ಶಿಷ್ಯ ನಾಳೆ ಗುರುವಿನ ಪರಂಪರೆಗೇ ಸೇರುತ್ತಾನೆ. ಸಂದರ್ಭ ಶೋಧದ ಶಿಷ್ಯ ಹೊರಟುಹೋಗುತ್ತಾನೆ.

ಹೊರಟವನು ಮಾಡುವ ಮುಂದಿನ ಕೆಲಸ, ಗುರುವಿನ ಮಾತನ್ನು ಒಂದೊಂದೇ ವಾಕ್ಯವಾಗಿ ಬಿಡಿಸಿ ಅಂಟುಚೀಟಿಗಳ ಮೇಲೆ ಬರೆದು ಗೋಡೆಗೆ ಹಚ್ಚುವುದು. ಹತ್ತಾರು ಜನರ ಚೀಟಿಗಳನ್ನು ಕಲೆಸಿ, ಒಂದಕ್ಕೊಂದು ಹೋಲುವವನ್ನು ಗುಂಪುಗೂಡಿಸಿ, ಗುಂಪಿಗೊಂದು ಶೀರ್ಷಿಕೆ ಕೊಡಲಾಗುತ್ತದೆ. ಆಶಯಸೂಚಿ, ವರ್ಗಸೂಚಿಗಳ ಕಾಲದಲ್ಲಿ ನಮ್ಮ ವಿದ್ವಾಂಸರೂ ಇದನ್ನೇ ಮಾಡಿದ್ದರು. ಕಥೆಯನ್ನು ಒಡೆದು ಆಶಯಗಳಾಗಿ ಜೋಡಿಸಿದಾಗ ಹೇಳಿದವಳ ದನಿ ಎಲ್ಲಿ ಹೋಯಿತೆಂದು ಕೇಳಲು ನಮಗೆ ಬಹಳ ವರ್ಷ ಬೇಕಾಯಿತು. ಎ.ಕೆ. ರಾಮಾನುಜನ್ ಅವರು ಕನ್ನಡ ಕಥೆಗಳಲ್ಲಿ ಅಕಂ, ಪುರಂ ಎಂಬ ಎರಡು ನೆಲೆಗಳನ್ನು ಗುರುತಿಸಿ, ಅಡುಗೆಮನೆಯಲ್ಲಿ ಅಜ್ಜಿ ಹೇಳುವ ಕಥೆಯ ಪಾತ್ರಗಳಿಗೆ ಹೆಸರಿರುವುದಿಲ್ಲ, ಹೊರಗೆ ವೃತ್ತಿಗಾಯಕರು ಹೇಳುವ ಕಥೆಗೆ ಹೆಸರು, ಊರು, ಕಾಲ ಎಲ್ಲವೂ ಬರುತ್ತವೆ ಎಂದು ತೋರಿಸಿದ್ದು ನೆನಪಾಗುತ್ತದೆ. ಮಾನವ–ಗಣಕ ಅಧ್ಯಯನದಲ್ಲಿ ಇದು ವಿಚಿತ್ರವಾಗಿ ತಿರುಗುಮುರುಗಾಗಿದೆ. ನಿಜವಾದ ವ್ಯಕ್ತಿ ‘ಯು 3’, ‘ಪಿ 7’ ಎಂಬ ಸಂಖ್ಯೆಯಾಗುತ್ತಾನೆ. ಹಲವು ಸಂಖ್ಯೆಗಳನ್ನು ಬೆಸೆದು ಹುಟ್ಟಿಸಿದ ‘ಪರ್ಸೋನಾ’ ಎಂಬ ಕಲ್ಪಿತ ವ್ಯಕ್ತಿಗೆ ಹೆಸರು, ವಯಸ್ಸು, ಭಾವಚಿತ್ರಗಳು ದೊರೆಯುತ್ತವೆ.

ಸಂಖ್ಯೆಯ ಹಿಂದೆ ಒಂದು ನೈತಿಕ ಕಾರಣವಿದೆ ಎಂಬುದನ್ನು ಮರೆಯಬಾರದು. ಮೇಲಧಿಕಾರಿಯ ಬಗ್ಗೆ, ಕಂಪನಿಯ ತಂತ್ರಾಂಶದ ಬಗ್ಗೆ ಮುಕ್ತವಾಗಿ ಮಾತನಾಡಿದ ನೌಕರನ ಹೆಸರು ಹೊರಬಿದ್ದರೆ ಅವನ ಅನ್ನಕ್ಕೆ ಕುತ್ತು. ಹೆಸರನ್ನು ಮರೆಮಾಡುವುದು ಅಲ್ಲಿ ರಕ್ಷಣೆ. ನಮ್ಮಲ್ಲಿ ಹೆಸರು ಹೇಳುವುದು ಗೌರವ. ವಕ್ತೃವಿನ ಹೆಸರು, ಊರು, ಯಾರಿಂದ ಕಲಿತದ್ದು ಎಂಬ ವಿವರಗಳಿಲ್ಲದ ಸಂಗ್ರಹವನ್ನು ಇಂದು ಯಾರೂ ಶಾಸ್ತ್ರೀಯವೆಂದು ಒಪ್ಪರು. ಎರಡೂ ಸರಿಯಾದ ನಿಲುವುಗಳೇ. ಎಂದರೆ ಹೆಸರನ್ನು ಉಳಿಸಬೇಕೋ ಅಳಿಸಬೇಕೋ ಎಂಬುದನ್ನು ಹೇಳಿದವರನ್ನೇ ಕೇಳಬೇಕಾಗುತ್ತದೆ. ಯುರೇಕಾದಲ್ಲಿ ಹೆಸರನ್ನು ಉಳಿಸಿಕೊಂಡ ತಂತ್ರಜ್ಞರ ಉದಾಹರಣೆ ಈ ಶಿಸ್ತಿನ ಚರಿತ್ರೆಯೊಳಗೇ ಇದ್ದರೂ, ಕೇಳುವ ಮೊದಲೇ ಅಳಿಸುವುದು ಅದರ ರೂಢಿಯಾಗಿದೆ.

ಪಾಲ್ ಡೌರಿಷ್ ಅವರು 2006ರಲ್ಲಿ ಮಂಡಿಸಿದ ಪ್ರಬಂಧವೊಂದು ಒಳಗಿನಿಂದಲೇ ಬಂದ ಟೀಕೆ. ಕ್ಷೇತ್ರ ಅಧ್ಯಯನದ ಪ್ರತಿ ಬರಹದ ಕೊನೆಗೂ ವಿನ್ಯಾಸಕ್ಕೆ ಇದರಿಂದ ಏನು ಉಪಯೋಗ ಎಂಬ ಪಟ್ಟಿಯೊಂದು ಇರಲೇಬೇಕೆನ್ನುವ ನಿರೀಕ್ಷೆಯನ್ನು ಅವರು ಪ್ರಶ್ನಿಸಿದರು. ಆ ನಿರೀಕ್ಷೆ ಜನಾಂಗವರ್ಣನೆಯನ್ನು ಬೇಡಿಕೆಗಳನ್ನು ಹೆಕ್ಕಿ ತರುವ ಸಾಧನವಾಗಿ ಕುಗ್ಗಿಸುತ್ತದೆ ಎಂಬುದು ಅವರ ವಾದ. ಜಾನಪದ ವಿದ್ವಾಂಸರು ಇದಕ್ಕೆ ಸೇರಿಸಬಹುದಾದುದು ಇನ್ನೊಂದಿದೆ. ಅದು ಮನಸ್ಸಿನ ಕುರಿತಾದುದು.

ಡೊನಾಲ್ಡ್ ನಾರ್ಮನ್ ಅವರ 1988ರ ಪ್ರಸಿದ್ಧ ಕೃತಿಯಿಂದಾಗಿ ‘ಮಾನಸಿಕ ಮಾದರಿ’ ಎಂಬ ಪರಿಕಲ್ಪನೆ ಈ ಅಧ್ಯಯನದ ಮೊದಲ ಪಾಠಗಳಲ್ಲಿ ಒಂದಾಗಿದೆ. ವಸ್ತುವನ್ನು ರೂಪಿಸಿದವರ ಮನಸ್ಸಿನಲ್ಲಿ ಅದರ ಒಂದು ಮಾದರಿ ಇರುತ್ತದೆ, ಬಳಸುವವರ ಮನಸ್ಸಿನಲ್ಲಿ ಇನ್ನೊಂದು. ಇವೆರಡೂ ಹೊಂದದಿದ್ದಾಗ ತಪ್ಪು ಬಳಸಿದವರದಲ್ಲ, ರೂಪಿಸಿದವರದು ಎಂದು ನಾರ್ಮನ್ ಸಾರಿದರು. ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ನಾಚಿಕೊಂಡ ಎಷ್ಟೋ ಜನರಿಗೆ ಇದು ಬಿಡುಗಡೆಯ ಮಾತು. ಆದರೂ ಅಲ್ಲಿ ಮುಟ್ಟಬೇಕಾದ ಗುರಿಯಾಗಿ ಉಳಿಯುವುದು ರೂಪಿಸಿದವರ ಮಾದರಿಯೇ. ಇದರ ಎದುರಿಗೆ ಫಿನ್ಲೆಂಡಿನ ಲೌರಿ ಹೊಂಕೊ ಅವರ ‘ಮಾನಸಿಕ ಪಠ್ಯ’ವನ್ನು ಇಟ್ಟು ನೋಡಬಹುದು. 1990ರ ಡಿಸೆಂಬರಿನಲ್ಲಿ ಮಾಚಾರಿನ ಗೋಪಾಲ ನಾಯ್ಕರು ಹಾಡಿದ 15,683 ಸಾಲುಗಳ ತುಳು ಸಿರಿ ಪಾಡ್ದನವನ್ನು ವಿವೇಕ ರೈ, ಚಿನ್ನಪ್ಪ ಗೌಡ, ಆನೆಲಿ ಹೊಂಕೊ ಅವರೊಡನೆ ದಾಖಲಿಸಿದ ಲೌರಿ ಹೊಂಕೊ, 1998ರ ತಮ್ಮ ಗ್ರಂಥದಲ್ಲಿ ಗಾಯಕನ ಮನಸ್ಸಿನಲ್ಲಿ ಕಥಾಹಂದರ, ನುಡಿಗಟ್ಟು, ಸಂದರ್ಭದ ನಿಯಮಗಳೆಲ್ಲ ಕೂಡಿದ ಒಂದು ಪಠ್ಯವಿರುತ್ತದೆ ಎಂದರು. ಹೊರಗೆ ಕೇಳುವ ಪ್ರತಿ ಹಾಡಿಕೆಯೂ ಅದರ ಒಂದು ರೂಪ. ಈ ಮಾನಸಿಕ ಪಠ್ಯ ತಪ್ಪೋ ಸರಿಯೋ ಎಂದು ನಿರ್ಣಯಿಸಲು ಹೊರಗಿನ ಮೂಲಪ್ರತಿ ಯಾವುದೂ ಇಲ್ಲ. ನಾರ್ಮನ್ನರ ಬಳಕೆದಾರ ಇನ್ನೊಬ್ಬರು ಮಾಡಿದ ವಸ್ತುವನ್ನು ಊಹಿಸುತ್ತಾನೆ. ಹೊಂಕೊ ಅವರ ಗಾಯಕ ತನ್ನದನ್ನು ತಾನೇ ಬಲ್ಲ. ಮಾನವ–ಗಣಕ ಅಧ್ಯಯನದ ವಿದ್ಯಾರ್ಥಿ ಎದುರಿಗೆ ಕುಳಿತವರನ್ನು ಈ ಎರಡರಲ್ಲಿ ಯಾರೆಂದು ಭಾವಿಸುತ್ತಾನೆ ಎಂಬುದರ ಮೇಲೆ ಕ್ಷೇತ್ರಕಾರ್ಯದ ಇಡೀ ಸ್ವರೂಪ ನಿಂತಿದೆ.

ಈ ಮಾತು ಬರಿಯ ಸಿದ್ಧಾಂತದ ಜಿಜ್ಞಾಸೆಯಲ್ಲ ಎಂಬುದನ್ನು ಬೆಂಗಳೂರಿನಲ್ಲಿ ನಡೆದ ಒಂದು ಅಧ್ಯಯನ ಸ್ಪಷ್ಟಪಡಿಸುತ್ತದೆ. ನಿಕೋಲಾ ಡೆಲ್ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದ ಈ ಅಧ್ಯಯನಕ್ಕೆ ಆಕರ ನಗರದಲ್ಲಿ ನಡೆಸಿದ 450 ಸಂದರ್ಶನಗಳು. ಎರಡು ವಸ್ತುಗಳನ್ನು ತೋರಿಸಿ ಯಾವುದು ಚೆನ್ನಾಗಿದೆ ಎಂದು ಕೇಳಲಾಯಿತು. ಒಂದನ್ನು ಸಂದರ್ಶಕರೇ ರೂಪಿಸಿದ್ದೆಂಬ ಭಾವನೆ ಬರುವಂತೆ ಮಾಡಲಾಗಿತ್ತು. ಎರಡೂ ಒಂದೇ ಆಗಿದ್ದಾಗಲೂ ಜನ ಸಂದರ್ಶಕರದ್ದನ್ನು ಮೆಚ್ಚುವ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಸಂದರ್ಶಕರು ದುಭಾಷಿಯ ನೆರವು ಬೇಕಾದ ವಿದೇಶೀಯರಾಗಿದ್ದಾಗ ಅದು ಐದು ಪಟ್ಟಿಗೆ ಏರಿತು. ಸಂದರ್ಶಕರದ್ದನ್ನು ಉದ್ದೇಶಪೂರ್ವಕವಾಗಿ ಕೆಡಿಸಿ ತೋರಿಸಿದಾಗಲೂ ಒಲವು ಅದರ ಕಡೆಗೇ ಉಳಿಯಿತು.

ಇದು ಈ ಶಿಸ್ತಿನ ಅತ್ಯಂತ ಪ್ರಾಮಾಣಿಕ ಬರಹಗಳಲ್ಲೊಂದು. ತಾವು ನೆಚ್ಚಿಕೊಂಡ ಪರೀಕ್ಷೆಯ ಅಡಿಪಾಯವನ್ನೇ ಅಳೆದು ನೋಡುವ ಧೈರ್ಯ ಎಲ್ಲ ಶಿಸ್ತುಗಳಿಗೂ ಬರುವುದಿಲ್ಲ. ಆದರೆ ಅದು ಈ ವರ್ತನೆಗೆ ಕೊಟ್ಟ ಹೆಸರನ್ನು ಗಮನಿಸಬೇಕು: ‘ಉತ್ತರದ ಪಕ್ಷಪಾತ’. ಅಳತೆಯಲ್ಲಿ ನುಸುಳಿದ ದೋಷ ಎಂಬರ್ಥದಲ್ಲಿ ಈ ಪದ ಬಳಕೆಯಾಗಿದೆ. ಇದೇ ವರ್ತನೆಯನ್ನು ನಮ್ಮ ಕಡೆಯಿಂದ ನೋಡಿದರೆ, ಮನೆಗೆ ಬಂದವರ ಮನ ನೋಯಿಸಬಾರದೆಂಬ ಒಂದು ಕಟ್ಟಳೆ ಕಾಣುತ್ತದೆ. ಬಿಸಿಲಲ್ಲಿ ನಡೆದುಬಂದವರು ತಾವೇ ಮಾಡಿದ್ದನ್ನು ಮುಂದಿಟ್ಟು ಹೇಗಿದೆ ಎಂದಾಗ ಚೆನ್ನಾಗಿಲ್ಲ ಎನ್ನುವುದು ಮರ್ಯಾದೆಯಲ್ಲ. ಪರಸ್ಥಳದವರಿಗೆ ಮರ್ಯಾದೆ ಹೆಚ್ಚು, ಆದ್ದರಿಂದಲೇ ಐದು ಪಟ್ಟು. ಸಂಗ್ರಾಹಕರಿಗೆ ಇದು ಹೊಸತಲ್ಲ. ಅಧ್ಯಾಪಕರು ಬಂದಿದ್ದಾರೆಂದರೆ ಹಾಡುಗಾರ್ತಿ ನೀತಿಯ ಹಾಡನ್ನು ಎತ್ತಿಕೊಳ್ಳುತ್ತಾಳೆ; ತುಂಟ ಹಾಡುಗಳು ಹೊರಬರುವುದು ಧ್ವನಿಮುದ್ರಕ ಚೀಲ ಸೇರಿ, ಹೆಂಗಸರಷ್ಟೇ ಉಳಿದಾಗ. ಇಂತಹ ಕಡೆ ನಮ್ಮ ವಿದ್ಯಾರ್ಥಿಗೆ ಹೇಳಿಕೊಡುವುದು ಪಕ್ಷಪಾತವನ್ನು ಕಳೆದು ಉಳಿದುದನ್ನು ಲೆಕ್ಕ ಹಾಕೆಂದಲ್ಲ. ಯಾರ ಮುಂದೆ ಯಾವ ಮಾತು ಬಂದಿತೆಂದು ದಾಖಲಿಸು ಎಂದು, ಮತ್ತೆ ಹೋಗು ಎಂದು.

‘ಗಟ್ಟಿಯಾಗಿ ಯೋಚಿಸು’ ಎಂಬ ಪರೀಕ್ಷಾ ವಿಧಾನವನ್ನೂ ಇದೇ ಬೆಳಕಿನಲ್ಲಿ ಪರಿಶೀಲಿಸಬೇಕು. ಇದರ ಬೇರು ಕಾರ್ನೆಗಿ ಮೆಲನ್‌ನಲ್ಲೇ ಇದೆ. ಹರ್ಬರ್ಟ್ ಸೈಮನ್ ಅವರು ಆಂಡರ್ಸ್ ಎರಿಕ್ಸನ್ ಅವರೊಡನೆ 1984ರಲ್ಲಿ ಇದಕ್ಕೆ ಶಾಸ್ತ್ರೀಯ ಆಧಾರ ಒದಗಿಸಿದರು. ಯಂತ್ರವನ್ನು ಬಳಸುತ್ತಾ ಮನಸ್ಸಿಗೆ ಬಂದುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಬೇಕು, ಪರೀಕ್ಷಕ ಸುಮ್ಮನಿರಬೇಕು. ಎದುರಿಗೆ ಕುಳಿತ ಮನುಷ್ಯ ಉತ್ತರ ಕೊಡದೆ ಬರೆದುಕೊಳ್ಳುತ್ತಿರುವಾಗ ಒಬ್ಬಂಟಿಯಾಗಿ ಮಾತನಾಡುವುದು ನಮ್ಮ ಹಳ್ಳಿಗಳಲ್ಲಿ ಯಾವ ಪ್ರಕಾರಕ್ಕೆ ಸೇರಿದ ಮಾತು? ನೀತಿಪಾಠ, ಒಗಟು, ಅಳುಹಾಡು, ಬೀಸುವ ಕಲ್ಲಿನ ಪದ ಇವೆಲ್ಲಕ್ಕೂ ಕೇಳುಗರಿದ್ದಾರೆ. ಒಂಟಿಯಾಗಿ ಬೀಸುವ ಹೆಂಗಸಿಗೂ ಕಲ್ಲೇ ಸಂಗಾತಿ, ಅದನ್ನು ಅವಳು ರಾಗಿಕಲ್ಲೆಂದು ಕರೆದೇ ಮಾತನಾಡಿಸುತ್ತಾಳೆ. ಸುಕ್‌ಮನ್ ಅವರಂತೆ ಇಬ್ಬರನ್ನು ಒಟ್ಟಿಗೆ ಕೂರಿಸಿದರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಭಾರತೀಯರು ಎದುರಿಗೆ ದೂರಲು ಹಿಂಜರಿಯುತ್ತಾರೆಂಬುದನ್ನು ಮನಗಂಡ ಅಪಲಾ ಲಾಹಿರಿ ಚವಾಣ್ ಅವರು ಪರೀಕ್ಷೆಗೆ ಹಿಂದಿ ಸಿನಿಮಾದಂತಹ ನಾಟಕೀಯ ಕಥೆಯೊಂದರ ಚೌಕಟ್ಟು ಹಾಕಿ, ಪಾತ್ರವಾಗಿ ಮಾತನಾಡುವವರು ಸಲೀಸಾಗಿ ದೂರುವುದನ್ನು ಕಂಡುಕೊಂಡರು. ವೇಷ ತೊಟ್ಟವನಿಗೆ ರಾಜನನ್ನೂ ಗೇಲಿಮಾಡುವ ಅಧಿಕಾರವಿದೆ ಎಂಬುದನ್ನು ಬಲ್ಲ ನಮ್ಮ ಹಗಲುವೇಷದವರಿಗೆ, ಹಾಸ್ಯಗಾರರಿಗೆ ಇದರಲ್ಲಿ ವಿಶೇಷವೇನೂ ಕಾಣದು.

ಇನ್ನು ‘ಅನಕ್ಷರಸ್ಥ ಬಳಕೆದಾರ’ ಎಂಬ ವರ್ಗದ ಪ್ರಶ್ನೆ. 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ನಗರದ ಮನೆಗೆಲಸದ ಹೆಂಗಸರ ಜೊತೆ ಕುಳಿತು ಅಕ್ಷರವಿಲ್ಲದೆ ಚಿತ್ರ ಮತ್ತು ದನಿಗಳಿಂದಲೇ ನಡೆಯುವ ಗಣಕ ಪರದೆಗಳನ್ನು ರೂಪಿಸಿದರು. 2006ರಲ್ಲಿ ಪ್ರಕಟವಾದ ಈ ಕೆಲಸ ಗೌರವಕ್ಕೆ ಅರ್ಹವಾದುದು. ಮುಂದುವರಿಕೆಯಾಗಿ 2013ರಲ್ಲಿ ಬಂದ ಅಧ್ಯಯನವೊಂದು, ಶಾಲಾ ಶಿಕ್ಷಣ ಕಡಿಮೆಯಿರುವವರಿಗೆ ಶೀರ್ಷಿಕೆಯೊಳಗೆ ಉಪಶೀರ್ಷಿಕೆಯೆಂದು ಕವಲೊಡೆಯುವ ಶ್ರೇಣೀಕೃತ ಪಟ್ಟಿಗಿಂತ ಎಲ್ಲವನ್ನೂ ಒಂದೇ ಉದ್ದಕ್ಕೆ ಇಟ್ಟ ಪಟ್ಟಿ ಸುಲಭವೆಂದು ಕಂಡುಕೊಂಡಿತು. ಲೇಖಕರು ಎಚ್ಚರದಿಂದ ಇದನ್ನು ಒಂದಷ್ಟು ಸಾಕ್ಷ್ಯವೆಂದಷ್ಟೇ ಕರೆದಿದ್ದಾರೆ. ಅವರು ಅಳೆದದ್ದು ಓದುಬರಹ, ಅಮೂರ್ತ ತರ್ಕಗಳ ಪ್ರಮಾಣವನ್ನು. ಆ ಜನರಿಗೆ ಗೊತ್ತಿದ್ದ ಜೋಡಣೆಯ ಕ್ರಮಗಳು ಯಾವುವು ಎಂಬುದು ಅಳತೆಯ ಹೊರಗೆ ಉಳಿಯಿತು.

ಮಲೆಮಾದೇಶ್ವರ ಕಾವ್ಯವನ್ನು ಗಾಯಕರು ಜೋಡಿಸಿಕೊಂಡಿರುವ ಘಟಕಕ್ಕೆ ‘ಸಾಲು’ ಎಂದೇ ಹೆಸರು. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು. ಯಾವ ಸಾಲೂ ಇನ್ನೊಂದರ ಉಪವಿಭಾಗವಲ್ಲ. ಹಾಡಿಸುವವರು ಬಯಸಿದ ಸಾಲಿಗೆ ಸ್ತುತಿ ಮುಗಿದೊಡನೆ ನೇರವಾಗಿ ಪ್ರವೇಶವಿದೆ. ಪ್ರತಿಯೊಂದರ ಗುರುತು ಒಂದು ಅಮೂರ್ತ ಶೀರ್ಷಿಕೆಯಲ್ಲ, ಒಬ್ಬ ವ್ಯಕ್ತಿ. ಎಷ್ಟೋ ಕಡೆ ಆ ವ್ಯಕ್ತಿಯ ಊರು. ಶ್ರೇಣಿಗಿಂತ ಸಾಲು ಸುಲಭವೆಂಬ 2013ರ ಫಲಿತಾಂಶವನ್ನು ಇದರ ಪಕ್ಕದಲ್ಲಿಟ್ಟರೆ, ಶಿಕ್ಷಣದ ಕೊರತೆಯೆಂದು ಕಂಡದ್ದರ ಒಂದು ಪಾಲು ಬೇರೊಂದು ಜೋಡಣಾ ಕ್ರಮದ ರೂಢಿಯಾಗಿರಬಹುದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಬೆಂಗಳೂರಿನ ಮನೆಗೆಲಸದ ಹೆಂಗಸು ಕಂಸಾಳೆಯ ಗಾಯಕಿಯಲ್ಲ, ಆದ್ದರಿಂದ ಇದನ್ನು ಉತ್ತರವೆಂದು ಮಂಡಿಸುವಂತಿಲ್ಲ. ಪ್ರಶ್ನೆಯನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿ ಮಾತ್ರ ನಮ್ಮ ಸಂಗ್ರಹಗಳಲ್ಲಿದೆ. ಬೆನ್–ಅಮೋಸ್ 1969ರಲ್ಲೇ ವಿದ್ವಾಂಸರು ಮಾಡುವ ವರ್ಗೀಕರಣ ಬೇರೆ, ಜನ ತಾವೇ ಮಾಡಿಕೊಂಡ ಪ್ರಕಾರಗಳು ಬೇರೆ ಎಂದಿದ್ದರು. ಮುಂಬೈ ಐಐಟಿಯ ವಿನ್ಯಾಸ ವಿಭಾಗದಿಂದ ಬಂದ ‘ಸ್ವರಚಕ್ರ’ ಕೀಲಿಮಣೆ ಈ ದಾರಿಯಲ್ಲಿ ಒಂದು ಒಳ್ಳೆಯ ಹೆಜ್ಜೆ. ವ್ಯಂಜನವನ್ನು ಮುಟ್ಟಿದರೆ ಅದರ ಸುತ್ತ ಕಾ, ಕಿ, ಕೀ ಎಂದು ಕಾಗುಣಿತ ಚಕ್ರವಾಗಿ ಬಿಚ್ಚಿಕೊಳ್ಳುತ್ತದೆ. ಮಗ್ಗಿಯಂತೆ ರಾಗವಾಗಿ ಕಲಿತ ಕಾಗುಣಿತವನ್ನು ಅಡ್ಡಿಯೆಂದು ತಿಳಿಯದೆ ಆಧಾರವೆಂದು ತಿಳಿದವರ ಕೆಲಸ ಅದು.

ಕೋಲಾರ ಜಿಲ್ಲೆಯ ಬೂದಿಕೋಟೆ ಹೈದರಾಲಿಯ ಹುಟ್ಟೂರೆಂದು ನಮಗೆ ಗೊತ್ತು. ಅದೇ ಊರು ಮಾನವ–ಗಣಕ ಅಧ್ಯಯನದ ಸಾಹಿತ್ಯದಲ್ಲೂ ದಾಖಲಾಗಿದೆ. ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ನಡೆಯುತ್ತಿದ್ದ ಆ ಊರಿನಲ್ಲಿ ಡೇವಿಡ್ ಫ್ರೋಲಿಕ್, ಮ್ಯಾಟ್ ಜೋನ್ಸ್ ಮೊದಲಾದ ಬ್ರಿಟಿಷ್ ವಿಶ್ವವಿದ್ಯಾಲಯಗಳ ಸಂಶೋಧಕರು ‘ಸ್ಟೋರಿಬ್ಯಾಂಕ್’ ಎಂಬ ಯೋಜನೆ ಕೈಗೊಂಡರು. ಅದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಮಾರ್ಪಡಿಸಿದ 10 ಕ್ಯಾಮೆರಾ ಫೋನುಗಳನ್ನು ಒಂದು ತಿಂಗಳು ಊರಿನವರ ಕೈಗೆ ಕೊಟ್ಟು, ಅವರು ಚಿತ್ರ ಮತ್ತು ಮಾತಿನಲ್ಲಿ ಕಟ್ಟಿದ ಕಥೆಗಳನ್ನು ಊರೊಳಗಿನ ಒಂದು ಪರದೆಯಲ್ಲಿ ಎಲ್ಲರೂ ನೋಡುವಂತೆ ಮಾಡಲಾಯಿತು. ಹೇಳುವವರೂ ಕೇಳುವವರೂ ಒಂದೇ ಊರಿನವರಾದುದು ಇದರ ಹೆಚ್ಚುಗಾರಿಕೆ. ವರದಿಯು ಅಭಿವೃದ್ಧಿಯ ಮಾಹಿತಿ, ಸಮುದಾಯದ ಮಾಹಿತಿ ಎಂದು ವಿಂಗಡಿಸಿ, ಎರಡೂ ಬೆರೆತು ಬಂದವೆಂದು ಮೆಚ್ಚಿಕೊಳ್ಳುತ್ತದೆ. ತವರು ಬಿಡುವ ಮಗಳಿಗೆ ಹಾಡುವ ಸೋಬಾನೆ ಪದವನ್ನು ಈ ಎರಡರಲ್ಲಿ ಯಾವ ಕಡೆಗೆ ಇಡುವುದೆಂದು ಕೇಳಿದರೆ ವಿಂಗಡಣೆಯ ತೊಡಕು ತಿಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಒಂದನ್ನು ಒಪ್ಪಬೇಕು. ಮಾಡಿದ್ದನ್ನು ಜನರ ಕೈಗೆ ಕೊಟ್ಟು, ಅವರು ಎಲ್ಲಿ ತಡವರಿಸುತ್ತಾರೆಂದು ನೋಡಿ, ಹಿಂದಿರುಗಿ ತಿದ್ದುವ ಶಿಸ್ತು ಆ ತರಗತಿಯಲ್ಲಿ ಕಡ್ಡಾಯ; ನಮ್ಮ ಜಾನಪದ ತರಗತಿಗಳಲ್ಲಿ ಇಲ್ಲ. ಸಂಪಾದಿಸಿದ ಕಾವ್ಯವನ್ನು ಹಾಡಿದವರ ಮುಂದೆ ಓದಿ ಪರೀಕ್ಷಿಸುವುದು ಪಠ್ಯಕ್ರಮದ ಭಾಗವಾಗಿಲ್ಲ. 2011ರಲ್ಲಿ ಜಾನಪದಕ್ಕೆಂದೇ ಗೊಟಗೋಡಿಯಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೂ ಧ್ವನಿಸಂಗ್ರಹಗಳ ಗಣಕೀಕರಣ ನಮ್ಮಲ್ಲಿ ತಾಂತ್ರಿಕ ಸಿಬ್ಬಂದಿಯ ಕೆಲಸವೆಂದೇ ಪರಿಗಣಿತವಾಗಿದೆ. ಸಂಗ್ರಹದಲ್ಲಿರುವ ಹಾಡುಗಾರ್ತಿಯ ಮೊಮ್ಮಗಳು ಅಜ್ಜಿಯ ದನಿಯನ್ನು ಹುಡುಕಲು ಬಂದರೆ ಪಟ್ಟಿ ಅವಳನ್ನು ಮೊದಲು ಕೇಳುವುದು ಪ್ರಕಾರವನ್ನು, ಆಮೇಲೆ ಜಿಲ್ಲೆಯನ್ನು, ಸಂಗ್ರಾಹಕರ ಹೆಸರನ್ನು.

ಈಗ ಯಂತ್ರಗಳು ಮಾತನಾಡತೊಡಗಿವೆ, ಕನ್ನಡವನ್ನೂ. ಅವುಗಳಿಗೆ ಕನ್ನಡ ಕಲಿಸಲು ದನಿ ಬೇಕು. ಬೆಂಗಳೂರಿನ ಅದೇ ಮೈಕ್ರೋಸಾಫ್ಟ್ ಕೇಂದ್ರದ ಸಂಶೋಧನೆಯಿಂದ ಹುಟ್ಟಿ ಪ್ರತ್ಯೇಕ ಸಂಸ್ಥೆಯಾದ ‘ಕಾರ್ಯ’ವು ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಜನರಿಂದ ಫೋನಿನ ಪರದೆಯ ಮೇಲಿನ ಕನ್ನಡ ವಾಕ್ಯಗಳನ್ನು ಓದಿಸಿ, ಧ್ವನಿಮುದ್ರಿಸಿ, ಹಣ ಕೊಡುತ್ತಿದ್ದುದು 2023ರಲ್ಲಿ ವ್ಯಾಪಕವಾಗಿ ವರದಿಯಾಯಿತು. ಆ ದತ್ತಾಂಶ ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲು ಸಲ್ಲುವ ಏರ್ಪಾಡು ಅದರಲ್ಲಿತ್ತು. ಹಾಡಿದವರಿಗೆ ಮರುಮುದ್ರಣದಲ್ಲಿ ಪಾಲು ಕೊಡುವ ಕ್ರಮವನ್ನು ಜಾನಪದ ಪ್ರಕಟಣೆಯ ವಲಯ ಇಂದಿಗೂ ರೂಢಿಸಿಕೊಂಡಿಲ್ಲ ಎಂಬುದನ್ನು ನೆನೆದರೆ ಈ ಏರ್ಪಾಡು ನಮ್ಮನ್ನು ಇರಿಯುವಂಥದು. ಆದರೂ ಅಲ್ಲಿ ಓದಲು ಕೊಟ್ಟದ್ದು ಬೇರೊಬ್ಬರು ಬರೆದ ವಾಕ್ಯ. ಮಾದಪ್ಪನ ಸಾಲುಗಳು ಕೇಳಿಬರುವ ಸೀಮೆಯ ದನಿಗಳಿಂದ ಯಂತ್ರ ಪಡೆಯುತ್ತಿರುವುದು ಉಚ್ಚಾರಣೆಯನ್ನು. ಅದರ ಮುಂದೆ ಕೂತು ಇಕ್ಕೇರಿ ದೇವಮ್ಮನ ಸಾಲು ಹಾಕು ಎಂದವರಿಗೆ ಅದು ಸಂಗೀತ, ಭಕ್ತಿ, ಕನ್ನಡ, ಜನಪದ ಎಂದು ಕವಲುಗಳನ್ನು ಓದಿ ಹೇಳಿ ಒಂದನ್ನು ಆರಿಸಲು ಕೇಳುವುದೋ, ಸ್ತುತಿ ಮುಗಿಸಿ ನೇರವಾಗಿ ಸಾಲಿಗೆ ಇಳಿಯುವುದೋ ಎಂಬುದು ಪಿಟ್ಸ್‌ಬರ್ಗಿನ ಒಂದು ಕ್ಯಾಪ್‌ಸ್ಟೋನ್ ತಂಡಕ್ಕೂ ನಮ್ಮ ಒಂದು ಎಂ.ಎ. ತರಗತಿಗೂ ಸಮನಾಗಿ ಕೊಡಬಹುದಾದ ಕೆಲಸ.